ಗೋಡೆಯ ಭೂಪಟದಲ್ಲಿ ಶಶಿರೇಖ ಚುಚ್ಚಿದ ಫೋಟೋಗಳು

ಶಶಿರೇಖ ಮೊದಲು ಗುರುತು ಹಿಡಿದ ದೇಶ ಕೆನಡಾ. ಬಾವುಟದ ನಡುವೆ ಕೆಂಪು ಎಲೆ ಇದ್ದುದರಿಂದ ಅದು ಸಲೀಸಾಯಿತು. ಎರಡನೆಯದು ಅಮೆರಿಕ, ನಕ್ಷತ್ರಗಳ ಗುಂಪಿನಿಂದ. ಆಸ್ಟ್ರೇಲಿಯಾದ ಬಾವುಟದ ಮೂಲೆಯಲ್ಲಿ ಇಂಗ್ಲೆಂಡಿನ ಬಾವುಟ ಯಾಕೆ ಕೂತಿದೆ ಎಂಬುದು ಮಾತ್ರ ಅವಳಿಗೆ ಬಹಳ ದಿನ ಬಗೆಹರಿಯಲಿಲ್ಲ. ಯಾರನ್ನು ಕೇಳುವುದು? ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಬೀಗ ತೆಗೆದು, ಮೇಜುಗಳ ಮೇಲಿನ ಪುಟ್ಟ ಬಾವುಟಗಳ ಧೂಳು ಒರೆಸುವಾಗ ಅಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ಆ ಆಫೀಸು ಇದ್ದದ್ದು ಬಂಗಾರಪೇಟೆಯ ಸ್ಟೇಷನ್ ಕಡೆಯ ರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹುಡುಗ ಹುಡುಗಿಯರನ್ನು ವಿದೇಶದ ಕಾಲೇಜುಗಳಿಗೆ ಸೇರಿಸುವುದು, ವೀಸಾಕ್ಕೆ ಕಾಗದಪತ್ರ ಹೊಂದಿಸಿ ಕೊಡುವುದು ಅವರ ಕಸುಬು. ಮಾಲೀಕ ಸುಧಾಕರ್ 2019ರಲ್ಲಿ ಅದನ್ನು ತೆರೆದಾಗ 'ಈ ಊರಿಂದ ಯಾರು ಹೋಗ್ತಾರೆ' ಎಂದು ನಕ್ಕವರಲ್ಲಿ ನಾನೂ ಒಬ್ಬಳು. ನಾನು ಇಲ್ಲಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಗಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವುದನ್ನು ವರ್ಷಗಟ್ಟಲೆ ನೋಡಿದ್ದೆ. ಅದರಾಚೆ ನನ್ನ ಊಹೆ ಹೋಗಿರಲಿಲ್ಲ.

ಶಶಿರೇಖ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲೊನಿ ಕೋರಮಂಡಲ್‌ನಲ್ಲಿ. ಅಪ್ಪ ಗಣಿ ಕೆಲಸದವರು. ಅಕ್ಕಪಕ್ಕದ ಮನೆಗಳಲ್ಲೆಲ್ಲ ತಮಿಳು, ಆದ್ದರಿಂದ ಆಟವಾಡುತ್ತಲೇ ಅವಳಿಗೆ ತಮಿಳು ಬಂತು. ಓದಿದ್ದು ಎಂಟನೇ ಕ್ಲಾಸು. ಗಣಿ ಮುಚ್ಚಿದ ವರ್ಷವೇ ಅವಳ ಮದುವೆಯಾಯಿತು. ಸೇರಿದ ಮನೆ ಬಂಗಾರಪೇಟೆಗೆ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಅತ್ತೆ ನರಸಮ್ಮನ ಬಾಯಲ್ಲಿ ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಗಂಡ ಮುನಿರಾಜ್ ಗಾರೆ ಕೆಲಸದವನು, ಮಾತು ಕಡಿಮೆ. ಹನ್ನೊಂದು ವರ್ಷ ಅವಳು ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಗಾರ್ಮೆಂಟ್ಸ್‌ನಲ್ಲಿ ದುಡಿದಳು. ಮಂಡಿ ನೋವು ಬಂದು ಅದನ್ನು ಬಿಟ್ಟ ಮೇಲೆ ಸುಧಾಕರ್ ಆಫೀಸಿನಲ್ಲಿ ಕಸ ಗುಡಿಸಿ, ನೆಲ ಒರೆಸಿ, ಟೀ ಮಾಡಿಕೊಡುವ ಕೆಲಸ ಸಿಕ್ಕಿತು.

ಅಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ವೀಸಾ ಬಂದರೆ ಒಂದು ಹಿತ್ತಾಳೆ ಗಂಟೆ ಬಾರಿಸಿ, ಮೈಸೂರುಪಾಕು ಹಂಚಿ, ಆ ಹುಡುಗನದೋ ಹುಡುಗಿಯದೋ ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಗೋಡೆಯ ಪ್ರಪಂಚ ಭೂಪಟದಲ್ಲಿ ಹೋಗುವ ದೇಶದ ಮೇಲೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದರು. ಸಿಹಿ ಹಂಚುವುದು ಶಶಿರೇಖಳ ಕೆಲಸವಾಗಿತ್ತು. ಬರಬರುತ್ತಾ ಫೋಟೋ ಚುಚ್ಚುವುದೂ ಅವಳ ಪಾಲಿಗೇ ಬಂತು. ಆ ಭೂಪಟವೇ ಅವಳ ತಲೆ ಕೆಡಿಸಿದ್ದು.

ಮೊದಲ ವರ್ಷ ಹತ್ತು ಹನ್ನೆರಡು ಮುಖ. ಕೊರೊನಾ ಬಂದ ವರ್ಷ ಒಂದೂ ಇಲ್ಲ, ಆಫೀಸಿಗೇ ಬೀಗ. ಮತ್ತೆ ತೆಗೆದ ಮೇಲೆ ಜನ ಮುಗಿಬಿದ್ದರು. 2022ರಲ್ಲಿ ಕೆನಡಾದ ಮೇಲೆ ಜಾಗ ಸಾಲದೆ ಮುಖಗಳು ಪಕ್ಕದ ಸಮುದ್ರದೊಳಕ್ಕೆ ಇಳಿದವು. ಇಂಗ್ಲೆಂಡು ಪುಟ್ಟದಾಗಿದ್ದರಿಂದ ಅದಂತೂ ಕಾಣದಂತೆ ಮುಚ್ಚಿಹೋಯಿತು. ಮೇಲೆ ರಷ್ಯಾದ ಪಕ್ಕದಲ್ಲಿ, ಉಕ್ರೇನಿನ ಮೇಲೆ ಮೂರು ಮುಖಗಳಿದ್ದವು. ಮೂವರೂ ಡಾಕ್ಟರಿಕೆ ಓದಲು ಹೋದವರು.

ಆ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಮೂವರೂ ಹೇಗೋ ಮನೆ ಸೇರಿದರು. ಸುಧಾಕರ್ ಅವಳನ್ನು ಕರೆದು, "ಶಶಮ್ಮ, ಆ ಮೂರು ಫೋಟೋ ತೆಗೆದುಬಿಡಿ, ಬಂದವರಿಗೆ ಭಯ ಆಗ್ತದೆ" ಎಂದರು. ಅವಳು ತೆಗೆದಳು, ಬಿಸಾಡಲಿಲ್ಲ. ಓದುತ್ತಿದ್ದವರು ಅರ್ಧಕ್ಕೆ ಬಂದರಲ್ಲ, ಇನ್ನುಳಿದ ಅರ್ಧವನ್ನು ಎಲ್ಲಿ ಓದುತ್ತಾರೆ ಎಂಬುದು ಅವಳನ್ನು ಕಾಡತೊಡಗಿತು. ಕೌನ್ಸೆಲರ್ ಬಾಲಾಜಿಯನ್ನು ಕೇಳಿದಳು. ಬಾಲಾಜಿ ಇಪ್ಪತ್ತಾರು ವರ್ಷದ ಹುಡುಗ, ಮಕ್ಕಳಿಗೆ ಯಾವ ದೇಶ, ಯಾವ ಕಾಲೇಜು ಎಂದು ಹೇಳುವವನು. ಅವನಂದ: "ಒಬ್ಬ ಜಾರ್ಜಿಯಾಗೆ ಹೋಗ್ತಾನಂತೆ ಅಕ್ಕ. ಇನ್ನಿಬ್ಬರದು ಗೊತ್ತಿಲ್ಲ."

ಅವತ್ತೇ ಮಧ್ಯಾಹ್ನ ಅವಳು ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಚಿಕ್ಕ ಫೋಟೋ.

"ಭೂಗೋಳದ ಮೇಡಂ ಯಾರು?"

"ನಾನೇ. ಏನಮ್ಮ?"

"ಜಾರ್ಜಿಯಾ ಅನ್ನೋ ದೇಶ ಎಲ್ಲೈತೆ ಮೇಡಂ? ಫೋನಲ್ಲಿ ಒತ್ತಿದ್ರೆ ಅಮೆರಿಕದೊಳಗೆ ತೋರಿಸ್ತೈತೆ. ನಮ್ ಬಾಲಾಜಿ ಸಾರು ಅಲ್ಲ ಅಂತಾರೆ."

ಜಾರ್ಜಿಯಾ ಎರಡಿವೆ, ಒಂದು ಅಮೆರಿಕದ ರಾಜ್ಯ, ಇನ್ನೊಂದು ಕಪ್ಪು ಸಮುದ್ರದ ದಂಡೆಯ ದೇಶ ಎಂದು ಅಟ್ಲಾಸ್ ತೆಗೆದು ತೋರಿಸಿದೆ. ಅವಳು ಬೆರಳಿಟ್ಟು ಉಕ್ರೇನಿನಿಂದ ಅಲ್ಲಿಯವರೆಗೆ ಅಳೆದಳು. "ಇಷ್ಟೇ ದೂರ! ಯುದ್ಧದ ಪಕ್ಕಕ್ಕೇ ಮತ್ತೆ ಓಗ್ತಾನಲ್ಲ, ಅವರಮ್ಮ ಹೆಂಗ್ ಕಳಿಸ್ತಾಳೆ?" ಎಂದಳು. ಮರುದಿನ ಆ ಫೋಟೋವನ್ನು ಭೂಪಟದ ಜಾರ್ಜಿಯಾದ ಮೇಲೆ ಚುಚ್ಚಿದಳಂತೆ. ಹಾಗೆ ನಮ್ಮಿಬ್ಬರ ಸ್ನೇಹ ಬೆಳೆಯಿತು. ತಿಂಗಳಿಗೆ ಒಂದೆರಡು ಸಲ ಬಂದು ಏನಾದರೂ ಕೇಳುವಳು. ಐರ್ಲೆಂಡೂ ಇಂಗ್ಲೆಂಡೂ ಒಂದೇನಾ? ಜರ್ಮನಿಯಲ್ಲಿ ಓದಿಗೆ ಫೀಸಿಲ್ಲ ಅಂತಾರೆ, ಹಾಗಾದ್ರೆ ಅವ್ರಿಗೇನು ಲಾಭ? ಕೆಲವಕ್ಕೆ ಉತ್ತರ ಹುಡುಕಲು ನಾನು ಮನೆಗೆ ಹೋಗಿ ಓದಬೇಕಾಗುತ್ತಿತ್ತು.

ಟೀ ಕೊಡುವಾಗ ಅವಳು ತಂದೆತಾಯಂದಿರ ಜೊತೆ ಮಾತಿಗಿಳಿಯುತ್ತಿದ್ದಳು. ಆಫೀಸಿನ ಮಾತೆಲ್ಲ ಅರ್ಧಕ್ಕರ್ಧ ಇಂಗ್ಲಿಷ್. ಬಂದವರು ತಲೆಯಾಡಿಸಿ, ಹೊರಗಿನ ಬೆಂಚಿನಲ್ಲಿ ಕೂತು ಅವಳನ್ನೇ ಕೇಳುತ್ತಿದ್ದರು. ತೆಲುಗಿನವರಿಗೆ ತೆಲುಗು, ತಮಿಳಿನವರಿಗೆ ತಮಿಳು. ಹಾಗೆ ಮಾತಾಡುವಾಗಲೇ ಅವಳಿಗೆ ಒಂದು ವಿಷಯ ಕಂಡದ್ದು. ರಾಬರ್ಟ್‌ಸನ್‌ಪೇಟೆಯ ಒಂದೇ ಬೀದಿಯ ಆರು ಹುಡುಗರು ಕೆನಡಾದ ಒಂದೇ ಊರಿಗೆ ಹೋಗಿದ್ದರು. ಆರನೆಯವನ ತಾಯಿಯನ್ನು ಅವಳು ಕೇಳಿದಳು.

"ಆ ಊರಲ್ಲಿ ಓದು ಅಷ್ಟು ಚೆನ್ನಾಗೈತಾ ಅಕ್ಕ?"

"ಓದಿಂದು ನಂಗೇನ್ ಗೊತ್ತಮ್ಮ. ಪಕ್ಕದ್ಮನೆ ಮುನೀಂದ್ರ ಅಲ್ಲವ್ನೆ. ಅವನ ರೂಮಲ್ಲಿ ಇನ್ನೊಬ್ಬರಿಗೆ ಮಲಗೋಕೆ ಜಾಗ ಐತಂತೆ."

ಇದನ್ನು ನನಗೆ ಹೇಳುವಾಗ ಅವಳ ಕಣ್ಣು ಅರಳಿತ್ತು. "ನೋಡಿ ಮೇಡಂ, ನಾನು ದೇಶ ನೋಡಿ ಓಗ್ತಾರೆ ಅನ್ಕೊಂಡಿದ್ದೆ. ಇವ್ರು ಓಗೋದು ಮುನೀಂದ್ರನ ರೂಮು ನೋಡಿ!"

2024 ಬಂತು. ಜನವರಿಯಲ್ಲಿ ಬಾಲಾಜಿ ಮೇಜುಗಳ ಬಾವುಟಗಳನ್ನು ತಾನೇ ಅದಲು ಬದಲು ಮಾಡಿದ. ಎದುರಿಗಿದ್ದ ಕೆನಡಾ ಹಿಂದಿನ ಸಾಲಿಗೆ ಹೋಯಿತು. ಶಶಿರೇಖ ಒರೆಸುವ ಬಟ್ಟೆ ಹಿಡಿದು ನಿಂತೇ ಕೇಳಿದಳು.

"ಯಾಕ್ ಸಾರ್, ಇದನ್ನ ಹಿಂದಕ್ಕೆ ಹಾಕಿದ್ರಿ?"

"ಓದೋಕೆ ಬರೋರು ಇಷ್ಟೇ ಜನ ಅಂತ ಮಿತಿ ಹಾಕಿಬಿಟ್ರು ಅಕ್ಕ. ಅಲ್ಲಿ ಇರೋಕೆ ಮನೆ ಸಾಲ್ತಿಲ್ಲ, ಬಾಡಿಗೆ ಜಾಸ್ತಿ ಆಗಿದೆ. ಹೋಗೋರು ಬ್ಯಾಂಕಲ್ಲಿ ತೋರಿಸಬೇಕಾದ ದುಡ್ಡೂ ಹೆಚ್ಚಾಯ್ತು. ಇಂಗ್ಲೆಂಡಲ್ಲಿ ಮಾಸ್ಟರ್ಸ್ ಓದೋರು ಗಂಡನ್ನೋ ಹೆಂಡ್ತೀನೋ ಕರ್ಕೊಂಡು ಹೋಗೋಹಾಗಿಲ್ಲ."

"ಅಲ್ಲಿ ಆಗಲ್ಲ ಅಂದ್ರೆ ನಮ್ ಜನ ಸುಮ್ಕಾಗ್ತಾರಾ, ಇಲ್ಲ ಬೇರೆ ಕಡೆ ಓಗ್ತಾರಾ?"

ಬಾಲಾಜಿ ನಕ್ಕ. "ನಂಗೂ ಅದೇ ತಿಳ್ಕೊಬೇಕು. ನೋಡೋಣ."

ಇಬ್ಬರೂ ನೋಡತೊಡಗಿದರು. ಕೆನಡಾ ಎಂದು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮತ್ತೆ ಬರಲಿಲ್ಲ. ಉಳಿದವರಲ್ಲಿ ಕೆಲವರು ಐರ್ಲೆಂಡ್, ಕೆಲವರು ಜರ್ಮನಿ ಎಂದರು. ಮುಂದಿನ ವರ್ಷದವರೆಗೆ ಕಾಯುತ್ತೇವೆ ಎಂದವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ರೈಲು ಹತ್ತಿದರು. ಗಂಟೆ ಬಾರಿಸುವುದು ವಾರಕ್ಕೆ ಮೂರು ಸಲ ಇದ್ದದ್ದು ತಿಂಗಳಿಗೆ ಎರಡಕ್ಕೆ ಇಳಿಯಿತು. ಸುಧಾಕರ್ ಮುಖದಲ್ಲಿ ಕಳೆ ಇರಲಿಲ್ಲ.

ಆ ಮೇ ತಿಂಗಳಲ್ಲಿ ವೆಂಕಟೇಶಪ್ಪ ಮಗಳನ್ನು ಕರೆದುಕೊಂಡು ಬಂದರು. ಕಾಮಸಮುದ್ರದ ಕಡೆಯ ರೈತರು, ಏಳು ಹಸು ಕಟ್ಟಿದ್ದಾರೆ. ಮಗಳು ಶ್ಯಾಮಲ, ಓದು ಮುಗಿಸಿ ಒಂದು ವರ್ಷವಾಗಿತ್ತು. ದೂರದ ನೆಂಟರ ಹುಡುಗ ಕೆನಡಾದಲ್ಲಿದ್ದಾನೆ, ಅಲ್ಲಿಗೇ ಕಳಿಸಬೇಕು ಎಂದು ಅವರ ಮಾತು. ಬಾಲಾಜಿ ಕಂಪ್ಯೂಟರಿನಲ್ಲಿ ಏನೋ ನೋಡಿ ಹೇಳಿದ.

"ಕೆನಡಾ ಈ ಸಲ ಕಷ್ಟ ಯಜಮಾನ್ರೇ. ಇಂಗ್ಲೆಂಡಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಇದೆ, ಒಂದೇ ವರ್ಷ. ಸೆಪ್ಟೆಂಬರಿಗೆ ಸೀಟು ಗ್ಯಾರಂಟಿ."

"ಅದೇನ್ ಓದು ಸಾ?"

"ವ್ಯಾಪಾರ ನಡೆಸೋದು ಹೇಗೆ ಅಂತ."

"ನಾವೇನು ಅಂಗಡಿ ಇಟ್ಟಿಲ್ವಲ್ಲ ಸಾ," ಎಂದರು ವೆಂಕಟೇಶಪ್ಪ. ಆದರೂ ಸೀಟು ಹಿಡಿಯಲು ಒಪ್ಪಿ ಹೊರಗೆ ಬೆಂಚಿನ ಮೇಲೆ ಕೂತರು, ಅರ್ಜಿ ತುಂಬಲು.

ಶಶಿರೇಖ ಲೋಟ ಹಿಡಿದು ಬಂದಳು. "ಏಮನ್ನಾ, ಟೀ ತಾಗ್ತಾರಾ?" ಎಂದು ತೆಲುಗಿನಲ್ಲಿ ಕೇಳಿದ್ದೇ ಅವರ ಮುಖ ಸಡಿಲವಾಯಿತು. ಅವಳು ಹುಡುಗಿಯ ಕಡೆ ತಿರುಗಿದಳು.

"ನೀನು ಇಷ್ಟು ದಿನ ಏನಮ್ಮ ಓದಿರೋದು?"

"ಡೈರಿ ಟೆಕ್ನಾಲಜಿ ಆಂಟಿ. ಹಾಲಿಂದು."

"ಹಾಲಿಗೂ ಕಾಲೇಜೈತಾ?"

ಒಳಗೆ ಬಾಲಾಜಿಯ ಮುಂದೆ ಶ್ಯಾಮಲ ಬಾಯಿ ಬಿಟ್ಟಿರಲಿಲ್ಲ. ಈಗ ಶುರು ಮಾಡಿದಳು. ಬೇಸಿಗೆಯಲ್ಲಿ ತಮ್ಮೂರಿನ ಹಾಲು ಡೈರಿಗೆ ಹೋಗುವಷ್ಟರಲ್ಲಿ ಯಾಕೆ ಒಡೆಯುತ್ತದೆ, ಬೇರೆ ಊರಿನದು ಯಾಕೆ ಒಡೆಯುವುದಿಲ್ಲ ಎಂದು ಕೊನೆಯ ವರ್ಷ ಪ್ರಾಜೆಕ್ಟ್ ಮಾಡಿದ್ದಳಂತೆ. ಹನ್ನೆರಡು ಮನೆಯ ಕ್ಯಾನುಗಳನ್ನು ತೊಳೆಯುವ ನೀರು ಪರೀಕ್ಷೆ ಮಾಡಿಸಿದ್ದಳಂತೆ. ತಪ್ಪು ಹಾಲಿನದಲ್ಲ, ನೀರಿನದು ಎಂದು ಗೊತ್ತಾಯಿತಂತೆ. ಶಶಿರೇಖ ಖಾಲಿ ಲೋಟ ಹಿಡಿದುಕೊಂಡೇ ಹತ್ತು ನಿಮಿಷ ಕೇಳಿದಳು. ಆಮೇಲೆ ಒಳಗೆ ಹೋಗಿ ಬಾಲಾಜಿಯ ಮೇಜಿನ ಮುಂದೆ ನಿಂತಳು.

"ಸಾರ್, ಹಾಲಿನ ಓದು ಯಾವ ದೇಶದಲ್ಲಿ ಚೆನ್ನಾಗಿ ಹೇಳ್ಕೊಡ್ತಾರೆ?"

ಬಾಲಾಜಿ ಮುಂದೊಂದು ದಿನ ನನಗೆ ಹೇಳಿದ: "ಐದು ವರ್ಷ ಆ ಮೇಜಲ್ಲಿ ಕೂತಿದ್ದೆ ಮೇಡಂ. ಯಾವ ದೇಶಕ್ಕೆ ವೀಸಾ ಸಿಗ್ತದೆ, ಎಲ್ಲಿ ಸೀಟು ಖಾಲಿ ಇದೆ, ಇಷ್ಟೇ ಎಲ್ಲರೂ ಕೇಳಿದ್ದು. ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳ್ಕೊಂಡಿರಲಿಲ್ಲ."

ಆಗ ಅವನು ಸುಮ್ಮನೆ "ಇರಿ ಅಕ್ಕ" ಎಂದು ಹುಡುಕತೊಡಗಿದ. ಡೆನ್ಮಾರ್ಕ್, ನೆದರ್‌ಲೆಂಡ್ಸ್, ಐರ್ಲೆಂಡ್, ಜರ್ಮನಿ. ಶ್ಯಾಮಲಳನ್ನು ಒಳಗೆ ಕರೆದ. ಮೂವರೂ ಒಂದೇ ಪರದೆಯ ಮುಂದೆ ತಲೆ ಹಾಕಿ ಕೂತರು. ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಹಾಲಿನ ತಂತ್ರಜ್ಞಾನ, ಎರಡು ವರ್ಷ, ಪಾಠ ಇಂಗ್ಲಿಷಿನಲ್ಲಿ. ಕಲಿಕೆಗೆ ಫೀಸಿಲ್ಲ, ಆದರೆ ಊಟ ವಸತಿಗೆ ಒಂದು ವರ್ಷದ ಹಣವನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ಈ ವರ್ಷಕ್ಕೆ ತಡವಾಗಿದೆ, ಮುಂದಿನ ವರ್ಷಕ್ಕೆ ಹಾಕಬೇಕು. ಅಷ್ಟರಲ್ಲಿ ಒಂದಿಷ್ಟು ಜರ್ಮನ್ ಕಲಿತರೆ ಒಳ್ಳೆಯದು.

ಬಾಲಾಜಿ ದನಿ ತಗ್ಗಿಸಿ ವೆಂಕಟೇಶಪ್ಪನವರಿಗೆ ಹೇಳಿದ: "ಸರ್ಕಾರಿ ಕಾಲೇಜು, ಇದರಿಂದ ನಮ್ಮ ಆಫೀಸಿಗೆ ಕಮಿಷನ್ ಏನೂ ಬರಲ್ಲ ಯಜಮಾನ್ರೇ. ಆದ್ರೂ ಮಗಳಿಗೆ ಇದೇ ಸರಿ ಅಂತ ನಂಗನಿಸ್ತದೆ."

ವೆಂಕಟೇಶಪ್ಪ ಮಗಳ ಮುಖ ನೋಡಿದರು. "ಏನಮ್ಮ?"

"ಇದೇ ಅಪ್ಪ," ಎಂದಳು ಶ್ಯಾಮಲ.

ಎರಡು ದಿನಗಳಲ್ಲಿ ಸುಧಾಕರ್‌ಗೆ ವಿಷಯ ತಿಳಿಯಿತು. ಸುಧಾಕರ್ ಕೆಟ್ಟ ಮನುಷ್ಯರಲ್ಲ. ಆದರೆ ಆ ತಿಂಗಳು ಒಂದು ಸೀಟು ಕೈತಪ್ಪುವುದೂ ಅವರಿಗೆ ಭಾರವಾಗಿತ್ತು. ಬೆಂಚಿನಲ್ಲಿ ನಾಲ್ಕು ಜನ ಕೂತಿರುವಾಗಲೇ ಅವಳನ್ನು ಕರೆದರು.

"ಶಶಮ್ಮ, ನಿಮ್ಮ ಕೆಲಸ ಏನು? ಟೀ ಕೊಡೋದು ತಾನೆ? ಬಂದವರನ್ನ ಏನು ಓದ್ತೀರಾ, ಯಾಕೆ ಓದ್ತೀರಾ ಅಂತೆಲ್ಲ ಕೇಳೋಹಾಗಿಲ್ಲ. ಇವತ್ತಿಂದ ಮಾತಿಲ್ಲ."

ಅವಳು ಹೂಂ ಎಂದು ತಲೆ ತಗ್ಗಿಸಿ ಅಡುಗೆಕೋಣೆಗೆ ಹೋದಳು. ಎಂಟು ದಿನ ಅವಳು ಬಾಯಿ ಬಿಡಲಿಲ್ಲ. ಟೀ ಇಡುವುದು, ಬರುವುದು. ಬೇತಮಂಗಲದಿಂದ ಬಂದ ಒಬ್ಬ ಅಜ್ಜಿ "ಈಯಮ್ಮಂಗೆ ಮಾತು ಬರಲ್ವಾ?" ಎಂದು ಪಕ್ಕದವರನ್ನು ಕೇಳಿತು.

ಆ ಭಾನುವಾರ ನಮ್ಮ ಮನೆಗೆ ಬಂದು ಇದೆಲ್ಲ ಹೇಳಿದಳು. "ಬೈದಿದ್ದಕ್ಕೆ ಬೇಜಾರಿಲ್ಲ ಮೇಡಂ. ಗಾರ್ಮೆಂಟ್ಸಲ್ಲಿ ಇದಕ್ಕಿಂತ ಬೈಸ್ಕೊಂಡಿದೀನಿ. ಕೇಳ್ಬ್ಯಾಡ ಅಂದ್ರಲ್ಲ, ಅದು. ಕೇಳ್ದೆ ಹೆಂಗಿರೋದು?"

ನಾನು ಕಾಫಿ ಮಾಡಿ ಕೊಟ್ಟೆ.

ಆಮೇಲೆ ಆಫೀಸೇ ಬಹಳ ದಿನ ಉಳಿಯಲಿಲ್ಲ. ಆಸ್ಟ್ರೇಲಿಯಾ ವೀಸಾ ಫೀಸನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಿತು. ಕೆನಡಾ ಇನ್ನಷ್ಟು ಬಿಗಿಯಾಯಿತು. 2025ರ ಫೆಬ್ರವರಿಯಲ್ಲಿ ಸುಧಾಕರ್ ಬಂಗಾರಪೇಟೆಯ ಆಫೀಸನ್ನು ಮುಚ್ಚಿ, ಕೋಲಾರದ ತಮ್ಮ ಇನ್ನೊಂದು ವ್ಯವಹಾರಕ್ಕೆ ಹೊರಟುಹೋದರು. ಮೇಜು ಕುರ್ಚಿಗಳನ್ನು ಲಾರಿಗೆ ಏರಿಸುವ ದಿನ ಶಶಿರೇಖ ಭೂಪಟದ ಮುಂದೆ ನಿಂತಿದ್ದಳು. ಇನ್ನೂರಕ್ಕೂ ಮಿಕ್ಕಿ ಮುಖಗಳು. ಸುಧಾಕರ್ ಹತ್ತಿರ ಬಂದು ಕೇಳಿದರು.

"ಏನ್ ನೋಡ್ತಾ ಇದೀರಾ?"

"ಇವ್ರೆಲ್ಲ ಈಗ ಎಲ್ಲವ್ರೆ ಸಾರ್?"

"ಹೋದರಲ್ಲ."

"ಓಗಿದ್ದು ನಂಗೊತ್ತು. ಆಮೇಲೇನಾಯ್ತು?"

ಸುಧಾಕರ್, "ಅದು ನಮ್ಮಲ್ಲಿ ಇಲ್ಲ ಶಶಮ್ಮ. ಬೇಕಾದರೆ ಫೋಟೋಗಳನ್ನ ನೀವೇ ಇಟ್ಟುಕೊಳ್ಳಿ" ಎಂದರು.

ಅವಳು ಅಷ್ಟನ್ನೂ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಕೊಂಡು ಮನೆಗೆ ತಂದಳು. ಫೋಟೋಗಳ ಹಿಂದೆ ಹೆಸರೂ ಊರೂ ಬರೆದಿತ್ತು. ಕೆಲಸವಿಲ್ಲದ ಆ ಎರಡು ತಿಂಗಳು ಅವಳು ಮಾಡಿದ ಕೆಲಸ ಕೇಳಿದರೆ ಯಾರಿಗಾದರೂ ಆಶ್ಚರ್ಯವಾದೀತು. ಬಸ್ಸು ಹತ್ತಿ ಊರೂರಿಗೆ ಹೋದಳು. ಹೆಂಗಸರಿಗೆ ಬಸ್ಸು ಉಚಿತವಾಗಿದ್ದರಿಂದ ಅದೊಂದು ಅನುಕೂಲ. ರಾಬರ್ಟ್‌ಸನ್‌ಪೇಟೆ, ಬೇತಮಂಗಲ, ಕಾಮಸಮುದ್ರ, ಕೋರಮಂಡಲ್. ಮನೆ ಹುಡುಕಿ, ಬಾಗಿಲು ತಟ್ಟಿ, "ನಿಮ್ಮ ಮಗನ ಫೋಟೋ ನಮ್ಮತ್ರ ಇತ್ತು, ಕೊಟ್ಟು ಓಗಾಣ ಅಂತ ಬಂದೆ" ಎನ್ನುವಳು. ಕೂರಿಸಿ ನೀರು ಕೊಟ್ಟ ಮೇಲೆ, "ಈಗೆಲ್ಲವ್ನೆ? ಏನ್ ಮಾಡ್ತವ್ನೆ?" ಎಂದು ಕೇಳುವಳು. ಒಂದೆರಡು ಕಡೆ ಮುಖದ ಮೇಲೆ ಬಾಗಿಲು ಹಾಕಿದ್ದೂ ಉಂಟು. ಒಬ್ಬ ತಾಯಿ ಫೋಟೋ ತೆಗೆದುಕೊಂಡು ಅಳುತ್ತಾ ನಿಂತಳಂತೆ. ಏನಾಗಿದೆ ಎಂದು ಇವಳು ಕೇಳಲಿಲ್ಲ, ಎದ್ದು ಬಂದಳು.

ತೊಂಬತ್ತಕ್ಕೂ ಹೆಚ್ಚು ಮನೆ ಮುಟ್ಟಿದಳು. ಮುನೀಂದ್ರನ ರೂಮಿಗೆ ಹೋದ ಆರು ಜನರಲ್ಲಿ ಇಬ್ಬರು ಓದಿದ ಕೆಲಸದಲ್ಲೇ ಇದ್ದರು, ಮೂವರು ಗೋಡೌನಿನಲ್ಲಿ ಪೆಟ್ಟಿಗೆ ಎತ್ತುತ್ತಾ ಅಲ್ಲೇ ನೆಲೆ ನಿಲ್ಲಲು ಕಾಯುತ್ತಿದ್ದರು, ಒಬ್ಬ ವಾಪಸು ಬಂದು ಮೊಬೈಲ್ ಅಂಗಡಿ ಇಟ್ಟಿದ್ದ. ಇಂಗ್ಲೆಂಡಿನಲ್ಲಿ ಬಿಸಿನೆಸ್ ಓದಿದವರಲ್ಲಿ ಹೆಚ್ಚಿನವರು ಹಿಂದಕ್ಕೆ ಬಂದಿದ್ದರು. ನರ್ಸಿಂಗ್ ಓದಿ ಐರ್ಲೆಂಡಿಗೆ ಹೋದ ಹುಡುಗಿಯರು ಎಲ್ಲರೂ ಕೆಲಸದಲ್ಲಿದ್ದರು. ಜಾರ್ಜಿಯಾಕ್ಕೆ ಹೋದ ಹುಡುಗ ಓದು ಮುಗಿಸಿ ಬಂದು, ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆಗೆ ಕೂತಿದ್ದ. "ನೀವ್ಯಾರಮ್ಮ?" ಎಂದು ಅವನೇ ಕೇಳಿದನಂತೆ. "ನಿಮ್ಮನ್ನ ಉಕ್ರೇನಿಂದ ಜಾರ್ಜಿಯಾಗೆ ಎತ್ತಿ ಹಾಕ್ದೋಳು ನಾನೇ ಕಣಪ್ಪ" ಎಂದು ಇವಳು ನಕ್ಕಳಂತೆ.

ವಾರಕ್ಕೊಮ್ಮೆ ಬಂದು ನನಗೆ ವರದಿ ಕೊಡುತ್ತಿದ್ದಳು. ನಾನು ಪೇಪರಿನಲ್ಲಿ ಬರುವ ಅಂಕಿಸಂಖ್ಯೆಗಳನ್ನು ಓದಿ ಹೇಳುತ್ತಿದ್ದೆ: ಇಷ್ಟು ಲಕ್ಷ ಮಕ್ಕಳು ಹೋದರು, ಈ ವರ್ಷ ಕೆನಡಾಕ್ಕೆ ಇಷ್ಟು ಇಳಿಯಿತು, ಜರ್ಮನಿಗೆ ಇಷ್ಟು ಏರಿತು. ಅವಳು ಗಮನವಿಟ್ಟು ಕೇಳಿ, "ಅವ್ರೂ ಓಗಿದ್ದನ್ನೇ ಬರೀತಾರೆ, ಅಲ್ವಾ ಮೇಡಂ?" ಎಂದಳು. ಇಪ್ಪತ್ತೆರಡು ವರ್ಷ ಜನಸಂಖ್ಯೆ, ವಲಸೆ ಎಂದು ಪಾಠ ಮಾಡಿದ ನನಗೆ ಆ ಮಾತು ಚುರುಕ್ಕೆಂದಿತು.

ಆ ಏಪ್ರಿಲ್‌ನಲ್ಲಿ ಬಾಲಾಜಿ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದು ಜರ್ಮನ್ ಕ್ಲಾಸು ಶುರು ಮಾಡಿದ. ಪಾಠಕ್ಕೆ ಬೆಂಗಳೂರಿನಿಂದ ಒಬ್ಬರು ಶನಿವಾರ, ಭಾನುವಾರ ಬರುತ್ತಿದ್ದರು. ಶಶಿರೇಖಳ ಹಳ್ಳಿಗೆ ಬೈಕಿನಲ್ಲಿ ಬಂದ ಅವನು ಜಗಲಿಯ ಮೇಲೆ ಕೂತು ಹೇಳಿದ.

"ಅಕ್ಕ, ನೀವು ಬನ್ನಿ."

"ಕಸ ಗುಡಿಸೋಕಾ ಸಾರ್?"

"ಅಲ್ಲ. ಬಂದವರ ಹತ್ರ ಮಾತಾಡೋಕೆ. ಯಾವ ಓದಿಗೆ ಹೋದವರು ಈಗ ಏನಾಗಿದ್ದಾರೆ ಅಂತ ಈ ತಾಲ್ಲೂಕಲ್ಲಿ ನಿಮಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ."

ಅವಳು ಒಳಗಿದ್ದ ಗಂಡನ ಕಡೆ ನೋಡಿದಳು. ಮುನಿರಾಜ್ ಕೈಯಲ್ಲಿದ್ದ ಕರಣೆ ತೊಳೆಯುತ್ತಾ, "ಓಗು. ಇಲ್ಲಿದ್ರೆ ನನ್ನ ಕೇಳಿ ಕೇಳಿ ಸಾಯಿಸ್ತೀಯ" ಎಂದ. ಬಾಲಾಜಿ ಜೋರಾಗಿ ನಕ್ಕ.

ಈಗ ಅವಳಿಗೆ ಅಲ್ಲೊಂದು ಮೇಜಿದೆ. ಬಂದವರನ್ನು ಮೊದಲು ಕೇಳುವುದು ಎರಡೇ: ಏನು ಓದಿದ್ದೀಯಮ್ಮ, ಅದರಲ್ಲಿ ನಿನಗೆ ಯಾವುದು ಇಷ್ಟ? ಕೆಲವರು ಸಿಡುಕುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಲು ಬಹಳ ಮಕ್ಕಳು ತಡವರಿಸುತ್ತಾರೆ ಎಂದು ಅವಳು ಅನ್ನುತ್ತಾಳೆ. ಹಾಗೆ ತಡವರಿಸಿದವರನ್ನು "ಒಂದ್ ವಾರ ಬಿಟ್ಟು ಬಾ" ಎಂದು ಕಳಿಸುತ್ತಾಳೆ. ಇಬ್ಬರಿಗೆ ಹೋಗುವುದೇ ಬೇಡವೆಂದು ಅವಳ ಮುಂದೆ ಕೂತೇ ಗೊತ್ತಾಯಿತಂತೆ.

ಶ್ಯಾಮಲ ಅವರ ಮೊದಲ ಬ್ಯಾಚಿನಲ್ಲಿ ಕಲಿತಳು. ಅವಳಪ್ಪ ಬ್ಯಾಂಕಿನಿಂದ ವಿದ್ಯಾಭ್ಯಾಸದ ಸಾಲ ಹೊಂದಿಸಿದರು. ಸೆಪ್ಟೆಂಬರಿನಲ್ಲಿ ವೀಸಾ ಬಂತು. ಹೊರಡುವ ಹಿಂದಿನ ದಿನ ಅವಳು ರಾಬರ್ಟ್‌ಸನ್‌ಪೇಟೆಗೆ ಬಂದು ಶಶಿರೇಖಳ ಕಾಲು ಮುಟ್ಟಲು ಬಗ್ಗಿದಳು. ಇವಳು ಗಾಬರಿಯಾಗಿ ಹಿಂದಕ್ಕೆ ಸರಿದು, "ಏಯ್ ಬ್ಯಾಡ ಬ್ಯಾಡ. ಅಲ್ಲಿ ಎಂಗೈತೆ ಅಂತ ಫೋನ್ ಮಾಡು, ಅಷ್ಟು ಸಾಕು" ಎಂದಳು.

ಈ ಜನವರಿಯಲ್ಲಿ ಸಂಕ್ರಾಂತಿಗೆ ವೆಂಕಟೇಶಪ್ಪ ನಮ್ಮನ್ನು ಕರೆದರು. ಶಶಿರೇಖ, ಮುನಿರಾಜ್, ನಾನು, ಮೂವರೂ ಕಾಮಸಮುದ್ರದ ಬಸ್ಸು ಹತ್ತಿದೆವು. ಹಸುಗಳ ಮೈ ತೊಳೆದು ಅರಿಶಿನ ಹಚ್ಚಿದ್ದರು. ಊಟವಾದ ಮೇಲೆ ಶ್ಯಾಮಲ ವಿಡಿಯೊ ಕಾಲ್ ಮಾಡಿದಳು. ದಪ್ಪ ಕೋಟು ಹಾಕಿಕೊಂಡಿದ್ದಳು, ಕೆನ್ನೆ ಕೆಂಪಾಗಿತ್ತು. ಕ್ಲಾಸಿನಲ್ಲಿ ಇಪ್ಪತ್ತೆರಡು ಜನ, ಹನ್ನೊಂದು ದೇಶದವರು ಎಂದಳು. ವಿಯೆಟ್ನಾಂ, ಕೀನ್ಯಾ, ನೇಪಾಳ, ಕೊಲಂಬಿಯಾ. ಶಶಿರೇಖ ಫೋನು ಕಸಿದುಕೊಂಡು, ಆ ಕೀನ್ಯಾದೋರು ಹಾಲಿನ ಓದಿಗೆ ಯಾಕೆ ಬಂದರು, ಅವರ ಮನೇಲೂ ಹಸು ಐತಾ ಎಂದು ಕೇಳತೊಡಗಿದಳು. ಇದೆಯಂತೆ. ಹದಿನಾಲ್ಕು.

"ಆಂಟಿ, ನಮ್ಮ ಮೇಷ್ಟ್ರು ಒಂದು ಕೇಳಿದ್ದಾರೆ," ಎಂದಳು ಶ್ಯಾಮಲ. "ನಿಮ್ಮ ಕಡೆ ನಾಟಿ ಹಸುವಿನ ಹಾಲಲ್ಲಿ ಫ್ಯಾಟ್ ಎಷ್ಟು ಬರುತ್ತೆ ಅಂತ. ನಾನು ಸೀಮೆ ಹಸುವಿಂದು ಹೇಳಿದೆ, ನಾಟಿದು ಗೊತ್ತಿರಲಿಲ್ಲ. ಅಪ್ಪನ್ನ ಕೇಳಿ."

ವೆಂಕಟೇಶಪ್ಪನವರ ಕೊಟ್ಟಿಗೆಯಲ್ಲಿ ನಾಟಿ ಹಸು ಒಂದೇ ಇತ್ತು. ಅದರ ಹಾಲು ಮನೆ ಖರ್ಚಿಗೆ, ಡೈರಿಗೆ ಹಾಕುತ್ತಿರಲಿಲ್ಲ, ಆದ್ದರಿಂದ ಅವರಿಗೂ ಗೊತ್ತಿಲ್ಲ. ಅವರು ತಲೆ ಕೆರೆದುಕೊಂಡರು. ಆಮೇಲೆ ಎದ್ದು, ಸಂಜೆ ಹಾಲು ಕರೆಯುವ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇದ್ದರೂ, ಚೊಂಬು ತೊಳೆದು ಆ ಹಸುವಿನ ಹತ್ತಿರ ಹೋಗಿ ಕೂತರು. ಹಾಲು ಕರೆದು, ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ, ಡೈರಿಯ ಕಡೆ ಬಿರಬಿರನೆ ನಡೆದರು. ಶಶಿರೇಖ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆಯೇ ಹೊರಟಳು, ಹಾಲು ಅಳೆಯುವ ಮೆಷಿನ್ನು ಹೆಂಗಿರ್ತದೆ ನೋಡಬೇಕು ಎಂದು.

ಹದಿನೈದು ನಿಮಿಷ ಕಳೆದಿರಬೇಕು. ಬೀದಿಯ ತುದಿಯಿಂದಲೇ ಅವಳ ಕೂಗು ಕೇಳಿಸಿತು. "ನಾಲ್ಕು ಪಾಯಿಂಟ್ ಆರು! ಬರ್ಕೊಳ್ಳಮ್ಮ, ನಾಲ್ಕು ಪಾಯಿಂಟ್ ಆರು!" ನಾನು ಫೋನನ್ನು ಆ ಕಡೆ ತಿರುಗಿಸಿ ಹಿಡಿದೆ. ಶ್ಯಾಮಲ ಬರೆದುಕೊಂಡಳು.